ಸೀಗಡಿ ಸದ್ದು

ಸಮುದ್ರವನ್ನು ನಾನು ಎರಡೇ ಸಲ ನೋಡಿದ್ದೇನೆ. ಮೊದಲನೆಯದು ಕಾಲೇಜಿನ ಮಕ್ಕಳನ್ನು ಟೂರಿಗೆಂದು ಮಲ್ಪೆಗೆ ಕರೆದುಕೊಂಡು ಹೋದಾಗ. ಪ್ಯಾಂಟು ಮಡಚಿಕೊಂಡು ಮೊಣಕಾಲ ತನಕ ನೀರಿಗಿಳಿದೆ, ಆಮೇಲೆ ಹುಮ್ಮಸ್ಸಿನಲ್ಲಿ ದೋಣಿ ಹತ್ತಿದೆ, ಹತ್ತು ನಿಮಿಷದೊಳಗೆ ಬೆಳಗ್ಗೆ ತಿಂದದ್ದನ್ನೆಲ್ಲ ವಾಂತಿ ಮಾಡಿ ಮಕ್ಕಳ ಮುಂದೆ ಮಾನ ಕಳೆದುಕೊಂಡೆ. ಎರಡನೆಯ ಸಲ ಯಾರದೋ ಮದುವೆಗೆ ಹೋಗುವಾಗ ಕಾರಿನ ಕಿಟಕಿಯಿಂದ ಕಂಡಿದ್ದು. ನನ್ನ ಕಡಲಿನ ಅನುಭವ ಇಷ್ಟೇ.

ಆದರೂ ಸುಮಾರು ಹತ್ತು ವರ್ಷದಿಂದ ನಾನು ಸಬ್‌ಮರೀನಿನ ಕ್ಯಾಪ್ಟನ್. ಮಧುಗಿರಿಯ ಬಾಡಿಗೆ ಮನೆಯಲ್ಲಿ, ಹೆಂಡತಿಯ ಹೊಲಿಗೆ ಮೆಷಿನ್ನಿನ ಪಕ್ಕದ ಮೇಜಿನ ಮುಂದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮುಳುಗುತ್ತೇನೆ. "ಮುಳುಗಿದ್ರಾ?" ಎಂದು ಹೆಂಡತಿ ಕೇಳುತ್ತಾಳೆ. ಹೂಂ ಅನ್ನುತ್ತೇನೆ. ಆಮೇಲೆ ಗ್ಯಾಸಿನವನು ಬಂದು ಬಾಗಿಲು ಬಡಿದರೂ ನನಗೆ ಕೇಳಿಸುವುದಿಲ್ಲ.

ಈ ಚಟ ಹತ್ತಿಸಿದವನು ಸಿರಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಸ್ನೇಹಿತ. "ಆರಾಮಾಗಿ ಕೂತ್ಕೊಂಡು ಆಡೋ ಗೇಮು ಮಾಸ್ಟ್ರೇ. ಜಲ್ದಿ ಜಲ್ದಿ ಬಟನ್ ಒತ್ತೋದು ಏನೂ ಇಲ್ಲ. ಬರೀ ಕೇಳಿಸ್ಕೊಳ್ಳೋದು" ಅಂದ. ನಾನು ಪಿಯು ಕಾಲೇಜಿನ ಫಿಸಿಕ್ಸ್ ಮೇಷ್ಟ್ರು. ಬರೀ ಕೇಳಿಸಿಕೊಳ್ಳುವ ಆಟ ಎಂದ ಕೂಡಲೇ ನನ್ನ ಕಿವಿ ನಿಮಿರಿತು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನ್ನ ಮಾತನ್ನು ಕೇಳಿಸಿಕೊಳ್ಳುವವರು ಯಾರೂ ಉಳಿದಿರಲಿಲ್ಲ. ಕ್ಲಾಸಿನಲ್ಲಿ ಮಕ್ಕಳು ಗೈಡು ಓದಿ ಪಾಸಾಗುತ್ತಿದ್ದರು. ನನಗೆ ಒಂದು ವಿಷಯದಲ್ಲಾದರೂ ಗಟ್ಟಿ ಅನ್ನಿಸಿಕೊಳ್ಳುವ ಆಸೆ ಬಹಳವಿತ್ತು.

ಆಟದ ಜೊತೆಗೆ ಓದೂ ಶುರುವಾಯಿತು. ಹಳೆಯ ಕಾಲದ ಸಬ್‌ಮರೀನು ನಿಜವಾಗಿ ಮೇಲೆ ತೇಲುವ ಹಡಗೇ. ಅಪಾಯ ಬಂದಾಗ ಸ್ವಲ್ಪ ಹೊತ್ತು ಮುಳುಗಿ ಕೂರುತ್ತಿತ್ತು, ಅಷ್ಟೇ. ಬ್ಯಾಟರಿ ಮುಗಿದರೆ ಗಾಳಿಗಾಗಿ ಮೇಲೆ ಬರಲೇಬೇಕು. ಅಣುಶಕ್ತಿ ಬಂದ ಮೇಲೆ ಆ ಕಷ್ಟ ತಪ್ಪಿತು. ಊಟದ ಸಾಮಾನು ಮುಗಿಯುವವರೆಗೂ ಒಳಗೇ ಇರಬಹುದು. ಈಗ ಡೀಸೆಲ್‌ನದಕ್ಕೂ ಹೊರಗಿನ ಗಾಳಿಯಿಲ್ಲದೆ ವಾರಗಟ್ಟಲೆ ಓಡುವ ಉಪಾಯ ಕಂಡುಹಿಡಿದಿದ್ದಾರೆ. ಇವತ್ತಿನ ದಾಳಿ ಸಬ್‌ಮರೀನಿನ ಇಡೀ ಕಥೆಯೇ ಸದ್ದಡಗಿಸುವ ಕಥೆ. ಮೆಷಿನ್ನುಗಳನ್ನೆಲ್ಲ ರಬ್ಬರ್ ದಿಂಬುಗಳ ಮೇಲೆ ಕೂರಿಸುತ್ತಾರೆ, ಹೊರಮೈಗೆ ರಬ್ಬರಿನ ಹಾಸು ಅಂಟಿಸುತ್ತಾರೆ, ನೀರು ಗುಳ್ಳೆಯೇಳದಂತೆ ಹಿಂದಿನ ಪ್ರೊಪೆಲರಿನ ರೆಕ್ಕೆಗಳನ್ನು ಬಾಗಿಸಿ ಕೊಳವೆಯೊಳಗೆ ಬಚ್ಚಿಡುತ್ತಾರೆ. ಒಳಗಿರುವವರು ಸ್ಪಾನರ್ ಕೈಜಾರಿ ಬೀಳಿಸುವಂತಿಲ್ಲ. ಶತ್ರುವಿನ ಸದ್ದು ನಮಗೆ ಕೇಳಬೇಕು, ನಮ್ಮದು ಅವನಿಗೆ ಕೇಳಬಾರದು. ಶಬ್ದದ ಪಾಠ ಮಾಡುವಾಗ ನಾನು ತಂಬೂರಿ ತಂತಿ ಬಿಟ್ಟು ಇದನ್ನೇ ಹೇಳತೊಡಗಿದೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಸಬ್‌ಮರೀನ್ ಸಾರ್ ಎಂದು ಕರೆಯುತ್ತಿದ್ದರು. ಅದನ್ನು ಗೇಲಿಯೆಂದು ತಿಳಿದುಕೊಳ್ಳುವಷ್ಟು ಬುದ್ಧಿ ನನಗಿರಲಿಲ್ಲ. ಹೆಮ್ಮೆಯೇ ಆಗುತ್ತಿತ್ತು.

ಆಟದಲ್ಲಿ ಎಲ್ಲವೂ ಬಹಳ ಸ್ಪಷ್ಟ. ಸೋನಾರ್, ಅಂದರೆ ನೀರೊಳಗಿನ ಸದ್ದು ಹಿಡಿಯುವ ಯಂತ್ರದ ಪರದೆಯಲ್ಲಿ ಹಸಿರು ಗೆರೆಗಳು ಮೇಲಿನಿಂದ ಕೆಳಗೆ ಸುರಿಯುತ್ತಿರುತ್ತವೆ. ಒಂದೊಂದು ಗೆರೆ ದೂರದ ಒಂದೊಂದು ಹಡಗು. ಬಿಸಿನೀರಿನ ಪದರ ಎಲ್ಲಿ ಮುಗಿದು ತಣ್ಣೀರು ಶುರುವಾಗುತ್ತದೆ ಎಂಬುದಕ್ಕೂ ಒಂದು ಗೆರೆ ಎಳೆದು ತೋರಿಸುತ್ತಾರೆ. ಅದರ ಕೆಳಗೆ ಇಳಿದರೆ ಮೇಲಿನವರಿಗೆ ನಾವು ಕೇಳಿಸುವುದಿಲ್ಲ. ಬೇಸರವಾದರೆ ಒಂದು ಗುಂಡಿ ಒತ್ತಿ ಎಂಟು ಗಂಟೆಯನ್ನು ಒಂದು ನಿಮಿಷದಲ್ಲಿ ಓಡಿಸಬಹುದು. ಎಡಗಡೆ ಮೂಲೆಯಲ್ಲಿ ಆಳ ಎಷ್ಟು ಎಂಬ ಅಂಕಿ ಇರುತ್ತದೆ. ಇಳಿಯಬಾರದಷ್ಟು ಇಳಿದರೆ ಅದು ಕೆಂಪಗಾಗುತ್ತದೆ. ನನಗೆ ಆ ಅಂಕಿಯೇ ಅಚ್ಚುಮೆಚ್ಚು.

ಇದಕ್ಕೆ ಕಾರಣವಿದೆ. ನಮ್ಮ ಕಡೆಯವರಿಗೆ ಆಳ ಅಂದರೆ ಬೋರ್‌ವೆಲ್ಲಿನ ಆಳ. ಬೋರಿನ ಲಾರಿ ಹೊಲಕ್ಕೆ ಬಂದರೆ ಮನೆಮಂದಿಯೆಲ್ಲ ಧೂಳಿನಲ್ಲಿ ಕೂತು ಒಳಗೆ ಇಳಿಯುವ ರಾಡು ಎಣಿಸುತ್ತಾರೆ. ತೋವಿನಕೆರೆ ಹತ್ತಿರದ ನಮ್ಮೂರಿನಲ್ಲಿ ನಮ್ಮಪ್ಪ ಒಂದೊಂದು ರಾಡಿಗೆ ಒಂದೊಂದು ಬೆಣಚುಕಲ್ಲು ತೆಗೆದಿಡುತ್ತಿದ್ದದ್ದು ನೆನಪಿದೆ. ಆಮೇಲೆ ಆ ಅಡಿ ಬಾಯಿಪಾಠವಾಗಿಬಿಡುತ್ತದೆ. ಕೊರಟಗೆರೆ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನನ್ನು "ನಿಮ್ದು ಎಷ್ಟ್ ಅಡಿ?" ಎಂದು ಕೇಳಿದರೆ ಅವನು ಹೆಸರು ಹೇಳುವುದಕ್ಕಿಂತ ಮೊದಲು ಅಡಿ ಹೇಳುತ್ತಾನೆ. ಹೆಂಡತಿಯ ವಯಸ್ಸು ಮರೆತವರನ್ನು ನೋಡಿದ್ದೇನೆ, ಬೋರಿನ ಅಡಿ ಮರೆತವರನ್ನು ನೋಡಿಲ್ಲ. ಅಡಿ ಹೇಳಲು ಯಾರಾದರೂ ಹಿಂದೆಮುಂದೆ ನೋಡಿದರೆ ನಮ್ಮ ಜನ ಒಂದೇ ತೀರ್ಮಾನಕ್ಕೆ ಬರುತ್ತಾರೆ: ಇವನು ಬೋರೇ ಕೊರೆಸಿಲ್ಲ.

ಎರಡು ವರ್ಷದ ಹಿಂದೆ, ಮಿಡಿಗೇಶಿ ದಾಟಿ ಪಾವಗಡದ ಕಡೆಗಿರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ದಿನದ ಭಾಷಣಕ್ಕೆ ನನ್ನನ್ನು ಕರೆದರು. ಲ್ಯಾಪ್‌ಟಾಪು, ಪ್ರೊಜೆಕ್ಟರು, ಆಟ, ಎಲ್ಲ ಕಟ್ಟಿಕೊಂಡು ಹೋದೆ. ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲೇ ಖುಷಿಯಿಂದ ಹೇಳಿದರು: "ಸಾರ್, ನೀವು ಸಬ್‌ಮರೀನ್ ಬಗ್ಗೆ ಮಾತಾಡ್ತೀರಂತ ಗೊತ್ತಾದ ಮೇಲೆ ಈ ಊರಿನವರನ್ನೇ ಒಬ್ಬರನ್ನ ಕರೆಸಿದೀನಿ. ಹದಿನೈದು ವರ್ಷ ನೇವೀಲಿದ್ದು ಬಂದಿದಾರೆ. ಸಬ್‌ಮರೀನ್ ಒಳಗೇ ಕೆಲಸವಂತೆ."

ನನಗೆ ಸಂತೋಷವಾಗಬೇಕಿತ್ತು. ಅಷ್ಟು ವರ್ಷ ಚಿತ್ರದಲ್ಲಿ ನೋಡಿದ್ದರ ಒಳಗೆ ನಿಜವಾಗಿ ಬದುಕಿದ್ದ ಮನುಷ್ಯನೊಬ್ಬ ನಮ್ಮ ತಾಲ್ಲೂಕಿನಲ್ಲೇ ಸಿಕ್ಕಿದ್ದ. ನನಗಾದದ್ದು ಕಿರಿಕಿರಿ. ನನ್ನ ತಟ್ಟೆಯ ಎದುರು ಇನ್ನೊಬ್ಬನಿಗೆ ಎಲೆ ಹಾಕಿದಂತೆ ಅನ್ನಿಸಿತು.

ಆತ ನಲವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ದನಿ. ಊರಿಗೆ ಬಂದು ಕಡಲೆಕಾಯಿ ಬೆಳೆಯುತ್ತಿದ್ದರು. ಅವರ ಅಪ್ಪ ಮುಂದಿನ ಸಾಲಿನಲ್ಲಿ, ಶಾಲೆಯ ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿಕೊಂಡು ಕೂತಿದ್ದರು. ಕುರಿ ಕಾಯುವ ಮನೆತನದವರು, ಎಪ್ಪತ್ತು ದಾಟಿದ್ದರು. ಫೆಬ್ರವರಿಯ ಬಿಸಿಲಿನಲ್ಲೂ ಮಗ ಕೊಟ್ಟ ನೇವಿಯ ನೀಲಿ ಸ್ವೆಟರ್ ಹಾಕಿಕೊಂಡಿದ್ದರು. ಅದರ ಭುಜದ ಮೇಲೆ ಬಟ್ಟೆಯ ತೇಪೆ. ಕುರಿ ಮೇಯಿಸುವಾಗಲೂ ಅದೇ ಸ್ವೆಟರಂತೆ, ಸಿಕ್ಕಿದವರಿಗೆಲ್ಲ "ನನ್ ಮಗ ನೀರೊಳ್ಗೆ ಓಡೋ ಹಡಗ್ನಾಗೆ ಇದ್ದ" ಎಂದು ಹೇಳಿಯೇ ಮುಂದಕ್ಕೆ ಬಿಡುವುದಂತೆ. ಮುಖ್ಯೋಪಾಧ್ಯಾಯಿನಿ ಇದನ್ನು ಅಕ್ಕರೆಯಿಂದ ಹೇಳಿದರು.

ನನ್ನ ಭಾಷಣ ಚೆನ್ನಾಗಿಯೇ ನಡೆಯಿತು. ಆಟವನ್ನು ಪರದೆಯ ಮೇಲೆ ಬಿಟ್ಟು ಮುಳುಗಿ ತೋರಿಸಿದೆ. ಬಿಸಿನೀರಿನ ಪದರದ ಕೆಳಗೆ ಇಳಿದರೆ ಯಾರಿಗೂ ಕೇಳಿಸುವುದಿಲ್ಲ ಎಂದೆ. ಮೇಷ್ಟ್ರೊಬ್ಬರು ಪಕ್ಕದಲ್ಲಿದ್ದ ನೌಕಾಪಡೆಯವರನ್ನು "ಹೌದಾ?" ಎಂದು ಕೇಳಿದರು. ಅವರು, "ಯಾವಾಗ್ಲೂ ಹಂಗೇ ಅಂತ ಇಲ್ಲ ಸಾರ್. ನೀರು ದಿನಾ ಒಂದೇ ತರ ಇರಲ್ಲ" ಅಂದರು. ನಾನು ಬೋರ್ಡಿನ ಹತ್ತಿರ ಹೋಗಿ ಚಿತ್ರ ಬರೆದು, ಬಾಣ ಹಾಕಿ, ಅವರು ಹೇಗೆ ತಪ್ಪು ಎಂದು ವಿವರಿಸಿದೆ. ಅವರು ತಲೆಯಾಡಿಸಿ, "ಇರಬೌದು ಸಾರ್" ಅಂದರು. ಅವರು ಹೇಳಿದ್ದೇ ಸರಿ. ಪುಸ್ತಕದಲ್ಲೂ ಹಾಗೇ ಇದೆ. ಆ ಪುಟವನ್ನು ನಾನು ಬೇಗ ಬೇಗ ತಿರುವಿದ್ದೆ.

ಆಮೇಲೆ ಪ್ರಶ್ನೆಗಳು. ಹಿಂದುಗಡೆ ನಿಂತಿದ್ದ ಊರಿನ ರೈತರೊಬ್ಬರು ಕೈಯೆತ್ತಿ ನೇರವಾಗಿ ನೇವಿಯವರನ್ನೇ ಕೇಳಿದರು.

"ಅಲ್ಲ ಕಣಪ್ಪ, ನೀನು ನೀರೊಳ್ಗೆ ಎಷ್ಟ್ ಅಡಿ ಹೋಗಿದ್ದೆ?"

"ಅದನ್ನ ಹೇಳಂಗಿಲ್ಲ ಮಾಮ."

"ಹೇಳಂಗಿಲ್ಲ ಅಂದ್ರೆ ಹೆಂಗ್ಲಾ? ನಮ್ ಬೋರು ಒಂಬೈನೂರ್ ಎಂಬತ್ತು. ನಾನ್ ಹೇಳ್ಲಿಲ್ವಾ?"

ಜನ ನಕ್ಕರು. ನೇವಿಯವರೂ ನಕ್ಕರು. ಅಲ್ಲಿ ಅವರನ್ನು ಬಿಟ್ಟರೆ ಒಬ್ಬನಿಗೆ ಮಾತ್ರ ಗೊತ್ತಿತ್ತು, ಆ ಆಳ ರಹಸ್ಯ, ಅದನ್ನು ಹೇಳದಿರುವುದು ಅವರ ಕರ್ತವ್ಯ ಎಂದು. ಆ ಒಬ್ಬ ನಾನು. ಒಂದೇ ಒಂದು ವಾಕ್ಯದಲ್ಲಿ ಅದನ್ನು ಜನಕ್ಕೆ ತಿಳಿಸಬಹುದಿತ್ತು. ಬದಲಿಗೆ ಮೈಕು ಎತ್ತಿಕೊಂಡು, "ನಾನು ಹೇಳುತ್ತೇನೆ ಬಿಡಿ" ಎಂದು ಆಟದ ಮೂಲೆಯ ಅಂಕಿಯನ್ನು ಅಡಿಗೆ ಪರಿವರ್ತಿಸಿ ಹೇಳಿಬಿಟ್ಟೆ. ಚಪ್ಪಾಳೆ ಬಿತ್ತು. ಮಧುಗಿರಿಯ ಮೇಷ್ಟ್ರಿಗೆ ಅಡಿ ಗೊತ್ತು, ಒಳಗಿದ್ದು ಬಂದೆ ಅನ್ನುವವನಿಗೆ ಗೊತ್ತಿಲ್ಲ. ನಮ್ಮ ಜನಕ್ಕೆ ಅಷ್ಟು ಸಾಕು.

ಆಗ ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಎದ್ದು, "ಅಂಕಲ್, ಅಷ್ಟು ಒಳಗಡೆ ಏನು ಕೇಳ್ಸುತ್ತೆ?" ಎಂದು ಕೇಳಿದಳು. ನೇವಿಯವರ ಮುಖ ಅರಳಿದ್ದನ್ನು ನಾನು ನೋಡಿದೆ. ಇದಕ್ಕೆ ಉತ್ತರ ಹೇಳಬಹುದಿತ್ತು. ಇದರಲ್ಲಿ ರಹಸ್ಯವೇನೂ ಇರಲಿಲ್ಲ.

"ನಮ್ ಕಡೆ ಸಮುದ್ರದಲ್ಲಿ ಜಾಸ್ತಿ ಕೇಳ್ಸೋದು ಸೀಗಡಿ ಸದ್ದಮ್ಮ. ಸಾಸಿವೆ ಒಗ್ಗರಣೆ ಸಿಡಿದಂಗೆ, ಎಡೆಬಿಡದೆ. ಹೊಸದಾಗಿ ಹೋದಾಗ ತಲೆ ಕೆಟ್ಟೋಗುತ್ತೆ. ಆಮೇಲೆ ಅದಿಲ್ಲದಿದ್ರೆ ನಿದ್ದೆ ಬರಲ್ಲ."

ನನ್ನ ಆಟದಲ್ಲಿ ತಿಮಿಂಗಿಲ ಕೂಗುತ್ತಿತ್ತು, ಮೀನು ದೋಣಿಗಳು ಟುಕುಟುಕು ಅನ್ನುತ್ತಿದ್ದವು, ಮಂಜುಗಡ್ಡೆ ಲಟಕ್ಕೆನ್ನುತ್ತಿತ್ತು. ಸೀಗಡಿ ಇರಲಿಲ್ಲ. ನಾನು ನಕ್ಕೆ. ಮೈಕು ಬಾಯಿಯ ಹತ್ತಿರವೇ ಇತ್ತು, ನಗು ಹೊರಗಿನ ಹಾರ್ನಿನಲ್ಲೂ ಹೋಯಿತು. ಅಷ್ಟಕ್ಕೇ ನಿಲ್ಲಿಸದೆ, "ಸೀಗಡಿ ಸಂತೆಯಲ್ಲಿ ಸಿಗುತ್ತೆ ಮಕ್ಕಳೇ. ಸೋನಾರಿನಲ್ಲಿ ಕೇಳಿಸೋದು ಇದು" ಎಂದು ತಿಮಿಂಗಿಲದ ಕೂಗು ಹಾಕಿದೆ. ಆ ಊರಿನವರು ನೋಡಿರುವುದು ಸಂತೆಯ ಕುಕ್ಕೆಯಲ್ಲಿ ರಾಶಿ ಹಾಕಿದ ಒಣ ಸೀಗಡಿಯನ್ನು ಮಾತ್ರ. ಅದು ಸದ್ದು ಮಾಡುತ್ತದೆ ಎಂದರೆ ಯಾರು ತಾನೇ ನಗುವುದಿಲ್ಲ? ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಸಾಲಿನ ಅಪ್ಪ ಹಿಂದಕ್ಕೆ ತಿರುಗಿ ನಗುವವರನ್ನು ನೋಡಿದರು, ಮಗನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

ಕಾರ್ಯಕ್ರಮ ಮುಗಿದು ಅಂಗಳದ ಹುಣಸೆಮರದ ಕೆಳಗೆ ಟೀ ಕುಡಿಯುತ್ತಿದ್ದಾಗ ಅಪ್ಪ ಮಗ ಮಾತಾಡುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

"ಎಷ್ಟ್ ಅಡಿ ಅಂತ ನನ್ ಕಿವೀಲಾದ್ರೂ ಹೇಳ್ಲಾ."

"ಬ್ಯಾಡಪ್ಪ. ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಏಮ್ರಾ, ನಾಕು ಕೂಡಾ ಚೆಪ್ಪವಾ?"

ಆ ಕಡೆಯವರಿಗೆ ಸಿಟ್ಟು, ದುಃಖ ಎರಡೂ ತೆಲುಗಿನಲ್ಲೇ ಬರುವುದು. ನನಗೂ ಹೇಳುವುದಿಲ್ಲವೇ ಎಂದು ಕೇಳಿ ಅಪ್ಪ ಮಗನ ಮುಖವನ್ನೇ ನೋಡುತ್ತಾ ನಿಂತರು. ಮಗ ತಲೆ ತಗ್ಗಿಸಿದರು. ಮಾತು ಉಳಿಸಿಕೊಳ್ಳುವವನ ಮೌನಕ್ಕೂ ಸಿಕ್ಕಿಬಿದ್ದ ಸುಳ್ಳನ ಮೌನಕ್ಕೂ ನೋಡುವುದಕ್ಕೆ ವ್ಯತ್ಯಾಸವೇ ಇರುವುದಿಲ್ಲ. ಅಪ್ಪ ಒಬ್ಬರೇ ಮನೆ ಕಡೆ ನಡೆದರು. ನಾನು ಇನ್ನರ್ಧ ಲೋಟ ಟೀ ಹಾಕಿಸಿಕೊಂಡೆ. ಗೆದ್ದವನ ಹಾಗೆ ಖುಷಿಯಾಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಎರಡು ತಿಂಗಳಾದ ಮೇಲೆ ಯಾವುದೋ ಕೆಲಸಕ್ಕೆ ಪಾವಗಡಕ್ಕೆ ಹೋಗಿ ಬರುವಾಗ ಮಿಡಿಗೇಶಿಯಲ್ಲಿ ಬಸ್ಸು ನಿಂತಿತು. ಟೀ ಅಂಗಡಿಯಲ್ಲಿ ಮಾತಿಗೆ ಮಾತು ಬಂದು, ಆ ಊರಿನ ನೇವಿಯವರು ಹೇಗಿದ್ದಾರೆ ಎಂದು ನಾನೇ ಕೇಳಿದೆ.

"ಯಾರು, ಸೀಗಡಿಯಾ?" ಅಂಗಡಿಯವನು ಹಲ್ಲು ಕಿರಿದ. "ಅವ್ನು ಅಡುಗೆ ಮಾಡ್ಕೊಂಡಿದ್ನಂತೆ ಬುಡಿ ಸಾರ್. ಹಡಗು ಮುಳುಗ್ತಿದ್ದಂಗೆ ಇವ್ನು ದಡದಾಗೆ ಪಾತ್ರೆ ತೊಳೀತಿದ್ನಂತೆ. ಯಾರೋ ಮಧುಗಿರಿ ಮೇಷ್ಟ್ರು ಬಂದು ಸ್ಕೂಲ್ನಾಗೇ ಬಯಲು ಮಾಡಿದ್ರಂತೆ."

ಅಲ್ಲಿದ್ದ ನಾಲ್ಕೈದು ಜನ ನಕ್ಕರು. ಆ ಮೇಷ್ಟ್ರು ನಾನೇ ಎಂದು ಹೇಳಲಿಲ್ಲ. ಆದರೆ ಅವರ ಜೊತೆ ನಾನೂ ನಕ್ಕೆ. ಒಳಗೆ ಏನೋ ಸ್ವಲ್ಪ ಚುಚ್ಚಿತು. ಇರಲಿ, ಸುಳ್ಳು ಹೇಳಿದರೆ ಹೀಗೇ ಆಗುವುದು ಎಂದುಕೊಂಡು ಬಸ್ಸು ಹತ್ತಿದೆ.

ಅದೇ ವರ್ಷ ಮಳೆಗಾಲ ಕಳೆದ ಮೇಲೆ ಆಟಕ್ಕೆ ಹೊಸ ಅಪ್‌ಡೇಟ್ ಬಂತು. ಭಾನುವಾರ ಮಧ್ಯಾಹ್ನ ಅದನ್ನು ಹಾಕಿಕೊಂಡು, ಬಿಸಿ ಸಮುದ್ರದ, ಆಳ ಕಡಿಮೆಯಿರುವ ಒಂದು ಕಡೆ ಮುಳುಗಿದೆ. ಕಿವಿಯಲ್ಲಿ ಚಟಪಟ ಶುರುವಾಯಿತು. ಹೆಡ್‌ಫೋನ್ ಕೆಟ್ಟಿತು ಎಂದುಕೊಂಡೆ. ವೈರು ಬಿಚ್ಚಿ ಮತ್ತೆ ಸಿಕ್ಕಿಸಿದರೂ ಹೋಗಲಿಲ್ಲ. ಅಡುಗೆಮನೆಯಲ್ಲಿ ಹೆಂಡತಿ ಒಗ್ಗರಣೆ ಹಾಕುತ್ತಿದ್ದಾಳೆ ಎಂದುಕೊಂಡು ಹೆಡ್‌ಫೋನ್ ತೆಗೆದು, "ಏನೇ, ಈಗ ಏನು ಮಾಡ್ತಿದೀಯಾ?" ಎಂದು ಕೂಗಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಬೆಳಗ್ಗೆಯೇ ಕೊರಟಗೆರೆಗೆ ತವರಿಗೆ ಹೋಗಿದ್ದಳು, ನಾನೇ ಮರೆತಿದ್ದೆ. ಒಲೆ ತಣ್ಣಗಿತ್ತು. ಹೆಡ್‌ಫೋನಿನಲ್ಲಿ ಮಾತ್ರ ಸಾಸಿವೆ ಸಿಡಿಯುತ್ತಲೇ ಇತ್ತು.

ಏನೇನು ಬದಲಾಗಿದೆ ಎಂಬ ಪಟ್ಟಿ ತೆರೆದು ನೋಡಿದೆ. ನಡುವೆ ಎಲ್ಲೋ ಒಂದು ಸಾಲು: ಬಿಸಿನೀರಿನಲ್ಲಿ ಸೀಗಡಿಗಳ ಸದ್ದು ಸೇರಿಸಲಾಗಿದೆ.

ಆಮೇಲೆ ಹುಡುಕಿ ಓದಿದೆ. ಸೀಗಡಿಯ ಜಾತಿಯಲ್ಲೇ ಒಂದು ಬಗೆ, ಬೆರಳಷ್ಟೂ ಉದ್ದವಿರುವುದಿಲ್ಲ. ಇಕ್ಕಳದಂಥ ಒಂದು ಕೊಂಡಿಯನ್ನು ಪಟ್ಟೆಂದು ಮುಚ್ಚುತ್ತದೆ. ನೀರು ಚಿಮ್ಮಿ ಒಂದು ಗುಳ್ಳೆ ಹುಟ್ಟುತ್ತದೆ. ಆ ಗುಳ್ಳೆ ಒಡೆಯುವುದೇ ಸದ್ದು. ಅಂಥವು ಲೆಕ್ಕವಿಲ್ಲದಷ್ಟು ಸೇರಿದರೆ ಹಡಗಿನ ಸದ್ದನ್ನೂ ಮುಚ್ಚಿಹಾಕುತ್ತವೆ. ನೀರಿಗೆ ಕಿವಿಗೊಟ್ಟ ಮೊದಲ ತಲೆಮಾರಿನವರಿಂದಲೂ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಗುಳ್ಳೆ ಒಡೆದರೆ ಸದ್ದಾಗುತ್ತದೆ ಎಂದು ವರ್ಷ ವರ್ಷ ಪಾಠ ಮಾಡುವವನು ನಾನು.

ತಪ್ಪು ಹೇಳಿದೆ ಎಂಬುದಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯ ಕಾಡಿತು. ಹದಿನೈದು ವರ್ಷ ಕೇಳಿಸಿಕೊಂಡ ಮನುಷ್ಯ ಎದುರಿಗೆ ಕೂತು ಬಾಯಿಬಿಟ್ಟು ಹೇಳಿದಾಗ ನಾನು ನಂಬಲಿಲ್ಲ. ಯಾವುದೋ ದೇಶದಲ್ಲಿ ಯಾರೋ ಆಟಕ್ಕೆ ಸೇರಿಸಿದ ಮೇಲೆ ನಂಬಿದೆ. ತನ್ನ ಇಡೀ ಕೆಲಸದಲ್ಲಿ ಹೊರಗೆ ಹೇಳಬಹುದಾದದ್ದೆಂದು ಅವರ ಹತ್ತಿರ ಇದ್ದದ್ದು ಅದೊಂದೇ ಸದ್ದು. ಅದನ್ನು ಆ ಹುಡುಗಿಗೆ ಪ್ರೀತಿಯಿಂದ ಕೊಟ್ಟಿದ್ದರು. ಅದರ ಮೇಲೇ ನಾನು ನಕ್ಕಿದ್ದೆ.

ತಕ್ಷಣ ಹೋದೆನೇ? ಇಲ್ಲ. ಮೂರು ವಾರ ಕಾಲೇಜಿನಲ್ಲಿ ಪರೀಕ್ಷೆ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಒಂದು ಶನಿವಾರ ಬೆಳಗ್ಗೆ ಬೈಕು ತೆಗೆದುಕೊಂಡು ಹೊರಟೆ.

ಊರ ಹೊರಗೆ ಒಂದು ಬೋರ್‌ವೆಲ್ಲಿನ ಹತ್ತಿರ ನೇವಿಯವರು ಬಗ್ಗಿ ಕೂತಿದ್ದರು. ಕೇಸಿಂಗ್ ಪೈಪಿಗೆ ಒಂದು ಕಬ್ಬಿಣದ ಸರಳು ಒತ್ತಿ, ಅದರ ಇನ್ನೊಂದು ತುದಿಗೆ ಕಿವಿ ಇಟ್ಟಿದ್ದರು. ನನ್ನನ್ನು ನೋಡಿ, ಸ್ವಲ್ಪ ಇರಿ ಎಂದು ಕೈ ತೋರಿಸಿದರು. ಒಂದೆರಡು ನಿಮಿಷ ಹಾಗೇ ಕೇಳಿ, ಪಕ್ಕದಲ್ಲಿ ನಿಂತಿದ್ದ ಹೊಲದವರಿಗೆ, "ಬೇರಿಂಗ್ ಹೋಗಿದೆ ಮಾಮ. ಇನ್ನೊಂದ್ ವಾರ ಓಡುತ್ತೆ, ಅಷ್ಟೇ" ಅಂದರು. ಹೊಲದವರು ನನ್ನ ಗುರುತು ಹಿಡಿದು ಸಣ್ಣಗೆ ನಗುತ್ತಾ ಹೋದರು. ಮೋಟರಿನ ವಿಷಯಕ್ಕೆ ಆ ಕಿವಿಯನ್ನು ನಂಬುತ್ತಿದ್ದರು, ಸಮುದ್ರದ ವಿಷಯಕ್ಕೆ ನಂಬುತ್ತಿರಲಿಲ್ಲ.

ನಾನು ತಪ್ಪಾಯಿತು ಎಂದೆ. ಅಪ್‌ಡೇಟಿನ ವಿಷಯ, ಸೀಗಡಿಯ ವಿಷಯ, ಬೋರ್ಡಿನ ಮೇಲೆ ಬರೆದ ಬಾಣದ ವಿಷಯ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಸರಳಿನ ಮಣ್ಣು ಒರೆಸುತ್ತಾ ಕೇಳಿಸಿಕೊಂಡರು.

"ನಿಮ್ಮ ಆಟ ಚೆನ್ನಾಗೇ ಇದೆ ಸಾರ್. ಆದ್ರೆ ಅದ್ರಲ್ಲಿ ಎಲ್ಲಾ ಗೊತ್ತಿರುತ್ತೆ. ಗೆರೆ ಎಳೆದು ತೋರಿಸ್ಬುಡ್ತಾರೆ. ನಮಗೆ ಏನೂ ಗೊತ್ತಿರ್ತಿರ್ಲಿಲ್ಲ. ಗಂಟೆಗಟ್ಲೆ ಕೂತ್ರೂ ಏನೂ ಇರ್ತಿರ್ಲಿಲ್ಲ. ನೀವು ಗುಂಡಿ ಒತ್ತಿ ಓಡುಸ್ತೀರಲ್ಲ, ಆ ಹೊತ್ತೇ ನಮ್ ಕೆಲ್ಸ."

"ನಿಮಗೆ ಬಹಳ ಬೇಜಾರು ಮಾಡಿಬಿಟ್ಟೆ" ಎಂದೆ.

"ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ಊರವ್ರು ಏನಾದ್ರೂ ಅನ್ಕೊಳ್ಲಿ ಬುಡಿ. ಅವತ್ತಿಂದ ಅಪ್ಪ ನನ್ ಜೊತೆ ಮಾತಾಡಲ್ಲ. ಒಂದೇ ಮನೇಲಿ ಇದೀವಿ, ಒಂದೇ ಮುದ್ದೆ ಉಣ್ತೀವಿ, ಮಾತಿಲ್ಲ. ನಂಗೆ ಹೇಳಿದ್ದನ್ನ ಅವರಿಗೆ ಹೇಳಿ ಸಾರ್. ಅಷ್ಟು ಮಾಡಿ ಸಾಕು."

ಅಪ್ಪ ಅರ್ಧ ಮೈಲಿ ಆಚೆ, ಕಡಲೆಕಾಯಿ ಕಿತ್ತ ಹೊಲದಲ್ಲಿ ಕುರಿ ಬಿಟ್ಟುಕೊಂಡಿದ್ದರು. ರಸ್ತೆಗೂ ಹೊಲಕ್ಕೂ ನಡುವೆ ಕಳ್ಳಿ ಬೇಲಿ. ನಾನು ಬೈಕು ನಿಲ್ಲಿಸಿ ಬೇಲಿಯ ಈಚೆಯೇ ನಿಂತೆ. ಅವರು ಹರಿದ ಬನಿಯನ್ನಿನ ಮೇಲೆ ಕಂಬಳಿ ಹಾಕಿಕೊಂಡಿದ್ದರು. ಪಕ್ಕದ ಅವರೆ ಸಾಲಿನಲ್ಲಿ ಒಂದು ಬೆದರುಬೊಂಬೆ ನಿಂತಿತ್ತು. ಅದರ ಮೈಮೇಲೆ ನೀಲಿ ಸ್ವೆಟರ್. ಭುಜದ ತೇಪೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿತ್ತು.

"ಯಜಮಾನ್ರೇ, ನಿಮ್ಮ ಮಗ ಹೇಳಿದ್ದೇ ಸರಿ. ಸೀಗಡಿ ಸದ್ದು ಮಾಡುತ್ತೆ. ತಪ್ಪು ನಂದು" ಎಂದು ಬೇಲಿಯ ಮೇಲಿಂದ ಹೇಳಿದೆ.

ಅವರು ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಆಮೇಲೆ ಕೇಳಿದರು:

"ಅವ್ನು ಎಷ್ಟ್ ಅಡಿ ಹೋಗಿದ್ದ?"

"ಅದು ನನಗೆ ಗೊತ್ತಿಲ್ಲ."

"ಅವತ್ತು ಹೇಳುದ್ರಲ್ಲ ಮೇಷ್ಟ್ರೇ."

"ಅದು ಆಟದಲ್ಲಿ ಇದ್ದದ್ದು. ನಿಜವಾದ್ದು ಅವರು ಯಾರಿಗೂ ಹೇಳೋ ಹಾಗಿಲ್ಲ. ನಿಮಗೂ ಹೇಳೋ ಹಾಗಿಲ್ಲ."

"ಅಂಗಾರೆ ನನ್ ಮಗ ಸುಳ್ಳ್ ಹೇಳಿಲ್ಲ."

"ಇಲ್ಲ."

"ಅದು ನಿಮಗೆ ಅವತ್ತೇ ಗೊತ್ತಿತ್ತಾ?"

ಸೀಗಡಿ ವಿಷಯ ಗೊತ್ತಿರಲಿಲ್ಲ, ಅಡಿಯ ವಿಷಯ ಗೊತ್ತಿತ್ತು ಎಂದೆ. ಅಷ್ಟಾದರೂ ನಿಜ ಹೇಳಿದೆ.

"ಮತ್ತೆ ಯಾಕೆ ನಕ್ಕುದ್ರಿ?"

ಒಂದು ಕುರಿ ಬೇಲಿಯ ಹತ್ತಿರ ಬಂತು. ಅವರು ಅದನ್ನು ಕೋಲಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ಅವತ್ತು ಮೈಕ್‌ನಾಗೆ ನಕ್ಬುಟ್ರಿ. ಊರೆಲ್ಲಾ ಕೇಳುಸ್ತು. ಇವತ್ತು ಬೇಲಿ ಆಚೆ ನಿಂತ್ಕಂಡು ನನ್ನೊಬ್ನಿಗೆ ತಪ್ಪಾಯ್ತು ಅಂತೀರಾ. ನನ್ ಕುರಿಗಳಿಗೆ ಕೇಳುಸ್ತು, ಬುಡಿ. ಅದೇ ಮೈಕ್‌ನಾಗೆ ಹೇಳ್ರಿ ಮೇಷ್ಟ್ರೇ. ಆಮ್ಯಾಕೆ ಅವನ್ನ ನಾನು ಮಾತಾಡುಸ್ತೀನಿ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಶಾಲೆಗೆ ಫೋನು ಮಾಡಿದೆ. ಆ ಮುಖ್ಯೋಪಾಧ್ಯಾಯಿನಿಗೆ ಸಿರಾ ಕಡೆಗೆ ವರ್ಗವಾಗಿತ್ತು. ಹೊಸದಾಗಿ ಬಂದವರು ಒಳ್ಳೆಯವರೇ. "ಈ ಸಲ ವಿಜ್ಞಾನ ದಿನಕ್ಕೆ ರೋಬೋಟ್ ಬಗ್ಗೆ ಇಟ್ಕೊಂಡಿದೀವಿ ಸಾರ್. ನಿಮ್ಮದನ್ನ ಮುಂದಿನ ವರ್ಷ ನೋಡೋಣ" ಅಂದರು. ನಾನು, "ಪರವಾಗಿಲ್ಲ ಸಾರ್, ಪರವಾಗಿಲ್ಲ" ಎಂದು ಅವಸರದಲ್ಲಿ ಫೋನಿಟ್ಟೆ. ಎರಡೇ ನಿಮಿಷ ಮೈಕು ಕೊಡಿ, ಯಾಕೆಂದು ಹೇಳುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ. ಫೋನಿಟ್ಟ ಕೂಡಲೇ ನನಗೆ ಹಾಯೆನಿಸಿತು. ನಕ್ಕದ್ದಕ್ಕಿಂತ ಆ ಹಾಯೆನಿಸಿದ್ದು ಈಗ ನನಗೆ ಹೆಚ್ಚು ನಾಚಿಕೆ. ಡೇರಿಯ ಮುಂದೆ ಮೈಕಿದೆ, ಗಣೇಶನ ಪೆಂಡಾಲಿನಲ್ಲಿ ಮೈಕಿದೆ. ಆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗಂಟಲೆತ್ತಿ ಹೇಳಿದರೂ ಸಂಜೆಯೊಳಗೆ ಮನೆಮನೆಗೆ ಮುಟ್ಟುತ್ತದೆ. ಇವೆಲ್ಲ ನನಗೆ ಹೊಳೆಯದೇ ಇಲ್ಲ. ಹೆಂಡತಿಗೆ ಹೇಳಿದೆ. ಅವಳು, "ಪಾಠ ಹೇಳೋಕೆ ಇರೋ ಧೈರ್ಯ ತಪ್ಪು ಹೇಳೋಕಿಲ್ಲ ನಿಮಗೆ" ಅಂದಳು.

ಆಟ ಬಿಟ್ಟಿಲ್ಲ. ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಈಗಲೂ ಭಾನುವಾರ ಮುಳುಗುತ್ತೇನೆ. ಬಿಸಿ ಸಮುದ್ರದ ಕಡೆ ಹೋಗುವುದಿಲ್ಲ, ಅಷ್ಟೇ.

ಇದನ್ನು ಬರೆದರೆ ಮಾತು ಉಳಿಸಿಕೊಂಡಂತೆ ಆಗಬಹುದೇನೋ ಎಂದು ಬರೆಯಲು ಕೂತೆ. ಬರೆಯುತ್ತಾ ಗೊತ್ತಾಯಿತು. ಆ ಊರಿನ ಹೆಸರು ಹಾಕಿಲ್ಲ, ಅವರ ಹೆಸರು ಹಾಕಿಲ್ಲ, ನನ್ನ ಹೆಸರಂತೂ ಇಲ್ಲವೇ ಇಲ್ಲ. ಆ ಅಪ್ಪನಿಗೆ ಓದಲು ಬರುವುದಿಲ್ಲ.

ಮೊನ್ನೆ ಮಿಡಿಗೇಶಿಯಲ್ಲಿ ಮತ್ತೆ ಬಸ್ಸಿಗೆ ಕಾಯಬೇಕಾಯಿತು. ಅದೇ ಟೀ ಅಂಗಡಿ. ಬೆಂಚಿನ ಮೇಲಿದ್ದವರೊಬ್ಬರು ಯಾರದೋ ಮೋಟರು ಕೆಟ್ಟ ಮಾತು ತೆಗೆದರು. "ಸೀಗಡಿನ ಕರ್ಕಂಡ್ ಬಂದು ತೋರ್ಸು, ಕಿವಿ ಇಟ್ಟ್ ಹೇಳ್ತಾನೆ" ಎಂದು ಅಂಗಡಿಯವನು ಹೇಳಿದ. ಎಲ್ಲರೂ ನಕ್ಕರು. ಅಪ್ಪ ಮಗ ಇನ್ನೂ ಮಾತು ಬಿಟ್ಟೇ ಇದ್ದಾರಂತೆ ಎಂದು ಇನ್ನೊಬ್ಬರು ಸೇರಿಸಿದರು. ಈ ಸಲ ನಾನು ನಗಲಿಲ್ಲ. ಏನನ್ನೂ ಹೇಳಲೂ ಇಲ್ಲ. ಟೀ ಮುಗಿಸಿ, ಲೋಟ ಇಟ್ಟು, ಮಧುಗಿರಿ ಬಸ್ಸು ಹತ್ತಿದೆ.